ಕೋವಿ ಕೋಣೆಯ ಮೂರು ಪ್ರಶ್ನೆ

ನವೆಂಬರ್ ಹದಿನೈದಕ್ಕೆ ಜಿಂಕೆ ಬೇಟೆ ಶುರು. ಅದರ ಹಿಂದಿನ ದಿನವೂ ರೆಡ್‌ಸ್ಟೋನ್ ಕಾಲೇಜಿನಲ್ಲಿ ಪಾಠ ಇದೆ ಎಂದು ವೇಳಾಪಟ್ಟಿ ಹೇಳುತ್ತದೆ, ಪಾಪ. ನಂಬುವವರು ಯಾರೂ ಇಲ್ಲ. ಹುಡುಗರು, ಹುಡುಗಿಯರು, ಎರಡು ಮೂರು ಜನ ಮೇಷ್ಟ್ರುಗಳು ಕೂಡ ಕಿತ್ತಳೆ ಬಣ್ಣದ ಟೋಪಿ ಹಾಕಿಕೊಂಡು ಕ್ಯಾಂಪಸ್ ಪೊಲೀಸ್ ಕಚೇರಿಯ ನೆಲಮಾಳಿಗೆಯ ಮುಂದೆ ಸಾಲು ನಿಂತಿರುತ್ತಾರೆ. ಹಾಸ್ಟೆಲಿನಲ್ಲಿ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಕೋವಿ ಇಲ್ಲದೆ ಕಾಲೇಜಿಗೆ ಬರುವ ಮಕ್ಕಳೂ ಮಿಶಿಗನ್ನಿನ ಈ ಉತ್ತರದ ತುದಿಯಲ್ಲಿ ಕಡಿಮೆ. ಹಾಗಾಗಿ ಮನೆಯಿಂದ ತಂದದ್ದನ್ನು ಪೊಲೀಸರ ಹತ್ತಿರ ಇಟ್ಟು, ಬೇಕಾದಾಗ ಕೇಳಿ ಪಡೆಯುವುದು ಇಲ್ಲಿ ತಾತನ ಕಾಲದಿಂದ ನಡೆದು ಬಂದದ್ದು. ತಮಾಷೆ ನೋಡಿ, ಇಷ್ಟು ಕೋವಿಗಳನ್ನು ಎಣ್ಣೆ ಹಚ್ಚಿ ಒರೆಸಿ ಕಾಯುವ ಪೊಲೀಸರ ಸೊಂಟದಲ್ಲಿ ಅಕ್ಟೋಬರ್ ಮುಗಿಯುವವರೆಗೂ ಒಂದು ಟಾರ್ಚು, ಒಂದು ಕೀಲಿಗೊಂಚಲು ಬಿಟ್ಟರೆ ಬೇರೇನೂ ಇರಲಿಲ್ಲ.

ಈಗ ಪಿಸ್ತೂಲು ಬಂದಿತ್ತು. ಅದು ಬರುವುದಕ್ಕೆ ಒಂದು ವರ್ಷದ ಜಗಳ ಆಗಿತ್ತು. ಜಗಳವನ್ನು ಮುಗಿಸಿದವಳು ಸಾರ್ಜೆಂಟ್ ಐಲಾ ರೌಟಿಯೊ.

ಐಲಾಳಿಗೆ ಐವತ್ತು ದಾಟಿ ನಾಲ್ಕಾರು ವರ್ಷ. ಅಗಲ ಭುಜ, ಗಂಡಸಿನ ಬೂಟು, ಯಾರ ಮುಲಾಜಿಗೂ ಸಿಗದ ಬಾಯಿ. ಜಿಲ್ಲೆಯಲ್ಲಿ ಅವಳಷ್ಟು ನೇರ ಗುರಿ ಇಡುವವರು ಇನ್ನೊಬ್ಬರಿಲ್ಲ ಎಂಬುದನ್ನು ಅವಳ ಶತ್ರುಗಳೂ ಒಪ್ಪುತ್ತಾರೆ. ಕೋವಿ ಕೋಣೆ ಅವಳ ರಾಜ್ಯ. ಅಲ್ಲಿ ಅವಳದೇ ಒಂದು ಪದ್ಧತಿ: ಕೋವಿ ಒಂದು ಕಡೆ, ಬೋಲ್ಟ್ ಒಂದು ಕಡೆ. ಬೋಲ್ಟ್ ಎಂದರೆ ಗುಂಡನ್ನು ನಳಿಗೆಗೆ ತಳ್ಳಿ ಸಿಡಿಸುವ ಉಕ್ಕಿನ ತುಂಡು. ಹೆಬ್ಬೆರಳಿನಷ್ಟು ದಪ್ಪ, ಅಂಗೈಗಿಂತ ಸ್ವಲ್ಪ ಉದ್ದ. ಅದಿಲ್ಲದ ಕೋವಿ ಬರೀ ಕೋಲು. ಕೋವಿಗಳು ಕಪಾಟಿನಲ್ಲಿ, ಬೋಲ್ಟುಗಳು ಐಲಾಳ ಮೇಜಿನ ಖಾನೆಯಲ್ಲಿ. ಕೊಡುವ ಮುಂಚೆ ಮೂರು ಪ್ರಶ್ನೆ: ಎಲ್ಲಿಗೆ, ಯಾರ ಜೊತೆ, ಯಾವಾಗ ವಾಪಸ್. ಉತ್ತರ ಸರಿಯಿದ್ದರೆ ಬೋಲ್ಟು ಅವಳ ಕೈಯಿಂದ ಅವರ ಕೈಗೆ.

ಇಂಥವಳು ವಸಂತದಲ್ಲಿ ಕಾಲೇಜಿನ ಟ್ರಸ್ಟಿಗಳು ಕರೆದ ಸಭೆಯಲ್ಲಿ ಎದ್ದು ನಿಂತು, ನಮಗೆ ಪಿಸ್ತೂಲು ಬೇಕು ಎಂದಿದ್ದಳು. ಅದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಹಾಸ್ಟೆಲಿನ ಒಂದು ಕೋಣೆಯೊಳಗೆ ಬ್ರೂಕ್ ಎಂಬ ಹುಡುಗಿಯನ್ನು ಅವಳ ಹಳೆಯ ಗೆಳೆಯ ಚಾಕು ಹಿಡಿದು ಕೂಡಿಹಾಕಿದ್ದ. ಬರಿಗೈಯಲ್ಲಿ ಒಳನುಗ್ಗಬಾರದು, ಶೆರಿಫ್ ಕಚೇರಿಯವರು, ಅಂದರೆ ಜಿಲ್ಲೆಯ ಶಸ್ತ್ರಧಾರಿ ಪೊಲೀಸರು, ಬರುವ ತನಕ ಕಾಯಬೇಕು ಎಂಬುದು ನಿಯಮ. ಐಲಾ ಕಾದಳು. ಬಾಗಿಲಿಗೆ ಅಂಗೈ ಒತ್ತಿಕೊಂಡು, ಒಳಗಿನ ಕಿರುಚಾಟ ಕೇಳುತ್ತ ಕಾದಳು. ಹುಡುಗಿ ಬದುಕಿಕೊಂಡಳು, ಆದರೆ ಅವಳ ಬಲಗೈ ಮತ್ತೆ ಪೆನ್ನು ಹಿಡಿಯಲಿಲ್ಲ.

"ಆ ದಿನ ನನ್ನ ಕೈ ಖಾಲಿ ಇತ್ತು," ಎಂದಿದ್ದಳು ಐಲಾ ಸಭೆಯಲ್ಲಿ. "ನಂಗೆ ಇನ್ನೊಂದ್ಸಲ ಹಾಗೆ ನಿಲ್ಲೋಕಾಗಲ್ಲ."

ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಕೇಳಿದ್ದಳು, "ಸಾರ್ಜೆಂಟ್, ನಮಗೆ ಕಷ್ಟ ಬಂದಾಗ ನೀವು ಬಾಗಿಲು ತಟ್ಟಿದ್ರೆ ನಾವು ತೆಗೀತೀವಿ. ಯಾಕೆ ತೆಗೀತೀವಿ ಗೊತ್ತಾ? ನಿಮ್ಮ ಹತ್ರ ಏನೂ ಇರಲ್ಲ ಅಂತ. ನಾಳೆ ತೆಗೀತೀವಾ?"

ಐಲಾ ಆ ಮಾತನ್ನು ಕೇಳಿಸಿಕೊಂಡಳು. ಅಷ್ಟು ಹೊತ್ತಿಗೆ ಅವಳ ಬೇಡಿಕೆಗೆ ಚಪ್ಪಾಳೆ ಬಿದ್ದಾಗಿತ್ತು.

ಹದಿನಾಲ್ಕರ ಮಧ್ಯಾಹ್ನ ಸಾಲು ಮೆಟ್ಟಿಲ ಮೇಲಿನ ತನಕ ಬೆಳೆದಿತ್ತು. ಐಲಾ ಮೇಜಿನ ಮೂಲೆಯಲ್ಲಿ ಮನೆಯಿಂದ ತಂದ ಏಲಕ್ಕಿ ಬ್ರೆಡ್ಡಿನ ತಟ್ಟೆ ಇಟ್ಟಿದ್ದಳು. ಬಂದವರೆಲ್ಲ ಒಂದೊಂದು ಚೂರು ಬಾಯಿಗೆ ಹಾಕಿಕೊಂಡು ಹೋಗುತ್ತಿದ್ದರು.

"ಎಲ್ಲಿಗೆ?"

"ಕಾಡಲ್ಲಿರೋ ಅಜ್ಜಿ ಬೇಟೆ ಕ್ಯಾಂಪಿಗೆ."

"ಯಾರ ಜೊತೆ?"

"ಅಜ್ಜಿ ಜೊತೆನೇ. ಅವಳನ್ನ ಬಿಟ್ಟು ಹೋದ್ರೆ ಜಿಂಕೆ ಬದಲು ನನ್ನನ್ನೇ ಹೊಡೀತಾಳೆ."

"ಒಳ್ಳೇದೇ ಆಯ್ತು, ಮಾಂಸ ಜಾಸ್ತಿ ಸಿಗುತ್ತೆ," ಎಂದಳು ಐಲಾ, ಹುಡುಗನ ಹೊಟ್ಟೆಯನ್ನು ನೋಡಿ. ಸಾಲೆಲ್ಲ ನಕ್ಕಿತು.

ಅವನ ಹಿಂದೆ ರೀಸ್ ಹಾರ್ಜು ಬಂದ. ಅರಣ್ಯಶಾಸ್ತ್ರದ ಎರಡನೇ ವರ್ಷದವನು. ತೆಳ್ಳಗೆ, ಎತ್ತರ. ಹನ್ನೆರಡನೇ ವಯಸ್ಸಿಗೆ ಬೇಟೆಯ ಪರವಾನಗಿ ಬೇಕೆಂದರೆ ಮಕ್ಕಳು ಒಂದು ತರಗತಿ ಮುಗಿಸಬೇಕು. ಊರಿನ ಚರ್ಚಿನ ಕೆಳಗಿನ ಹಾಲಿನಲ್ಲಿ ಅದನ್ನು ಕಲಿಸುವವಳು ಐಲಾ. ರೀಸ್ ಅಲ್ಲಿ ಅವಳ ಶಿಷ್ಯ. ಆಗ ಪ್ರಶ್ನೆ ಕೇಳಿ ಕೇಳಿ ತಲೆ ತಿನ್ನುತ್ತಿದ್ದವನು ಈಗ ಕಣ್ಣೆತ್ತಿ ನೋಡಲಿಲ್ಲ.

"ಏನೋ, ಮುಖ ತೊಳೆದು ಎಷ್ಟು ದಿನ ಆಯ್ತು? ಜಿಂಕೆ ವಾಸನೆ ಹಿಡಿದು ಕೆನಡಾಕ್ಕೆ ಓಡುತ್ತೆ."

ರೀಸ್ ಸಣ್ಣಗೆ ನಕ್ಕ. ಮೂರು ಪ್ರಶ್ನೆಗೂ ಉತ್ತರ ಕೊಟ್ಟ. ಚಿಕ್ಕಪ್ಪನ ಕ್ಯಾಂಪಿಗೆ, ಚಿಕ್ಕಪ್ಪನ ಜೊತೆ, ಭಾನುವಾರ ಸಂಜೆ ವಾಪಸ್. ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ಐಲಾ ಕೋವಿಯನ್ನು ಚೀಲದಲ್ಲಿ ಹಾಕಿ ಮುಂದಿಟ್ಟಳು.

"ಇವತ್ತು ಪಿಸ್ತೂಲು ಕಟ್ಟಿದೀರಲ್ಲ," ಎಂದ ರೀಸ್, ಅವಳ ಸೊಂಟ ನೋಡಿ.

"ಹದಿನೈದು ದಿನದಿಂದ ಕಟ್ಟಿದೀನಿ. ನೀನು ಕ್ಲಾಸಿಗೆ ಬಂದಿದ್ರೆ ಗೊತ್ತಾಗ್ತಿತ್ತು."

"ಈ ಕೆಲಸ ಮುಗಿದ ಮೇಲೆ ಎಲ್ಲಿರ್ತೀರಿ?"

"ಇನ್ನೆಲ್ಲಿ, ಸರೋವರದ ಕಡೆ ಪಾರ್ಕಿಂಗಲ್ಲಿ ಸುತ್ತು ಹಾಕ್ತಿರ್ತೀನಿ. ಯಾಕೆ?"

"ಸುಮ್ನೆ ಕೇಳ್ದೆ."

ಐಲಾ ಖಾನೆಯಿಂದ ಅವನ ಬೋಲ್ಟ್ ತೆಗೆದು ಮೇಜಿನ ಹಸಿರು ಬಟ್ಟೆಯ ಮೇಲಿಟ್ಟು, ಮುಂದಿನವನ ಕೋವಿ ಹುಡುಕಲು ಕಪಾಟಿನ ಕಡೆ ತಿರುಗಿದಳು. ಮತ್ತೆ ಈ ಕಡೆ ನೋಡುವಾಗ ರೀಸ್ ಇರಲಿಲ್ಲ, ಕೋವಿ ಇರಲಿಲ್ಲ, ಬೋಲ್ಟ್ ಬಟ್ಟೆಯ ಮೇಲೆ ಹಾಗೇ ಇತ್ತು.

"ಮದುವೆಗೆ ಹೊರಟವನು ಉಂಗುರ ಮರೆತು ಹೋದ ನೋಡಿ," ಎಂದ ಸಾಲಿನಲ್ಲಿದ್ದ ಒಬ್ಬ. ಐಲಾ ಕೂಡ ನಕ್ಕಳು. ಓಡಿ ಬರುತ್ತಾನೆ ಬಿಡು ಎಂದುಕೊಂಡು ಬೋಲ್ಟನ್ನು ಜೇಬಿಗೆ ಹಾಕಿಕೊಂಡಳು.

ಸಾಲು ಕರಗಿತು, ಬ್ರೆಡ್ಡಿನ ತಟ್ಟೆ ಖಾಲಿಯಾಯಿತು, ರೀಸ್ ಬರಲಿಲ್ಲ. ಐಲಾ ಬಾಗಿಲು ಹಾಕುವಾಗ ಜೇಬಿನ ಉಕ್ಕು ತೊಡೆಗೆ ತಗುಲಿತು. ಆಗ ಅವಳಿಗೆ ಇನ್ನೊಂದು ನೆನಪಾಯಿತು. ತಾನು ಬೋಲ್ಟನ್ನು ಇಟ್ಟದ್ದು ಮೇಜಿನ ಆಚೆ ಅಂಚಿನಲ್ಲಿ, ಅವನ ಕೈಯ ಹತ್ತಿರ. ತಿರುಗಿ ನೋಡಿದಾಗ ಅದು ಇದ್ದದ್ದು ಈಚೆ ಅಂಚಿನಲ್ಲಿ, ತನ್ನ ಕಡೆ. ಹುಡುಗ ಅದನ್ನು ಮರೆತಿರಲಿಲ್ಲ. ಬೆರಳಿನಿಂದ ವಾಪಸ್ ತಳ್ಳಿ ಹೋಗಿದ್ದ.

ಗುಂಡು ಹಾರಿಸಲಾಗದ ಕೋವಿ ಯಾರಿಗೆ, ಯಾತಕ್ಕೆ ಬೇಕು? ಅವಳು ಮೆಟ್ಟಿಲ ಮೇಲೆಯೇ ನಿಂತು ಯೋಚಿಸುತ್ತಿದ್ದಾಗ ಹೆಗಲ ಮೇಲಿನ ವೈರ್‌ಲೆಸ್ ಕರೆಯಿತು. ಕಂಟ್ರೋಲ್ ರೂಮಿನ ಮ್ಯಾಕ್ಸೀನ್. ಯಾವತ್ತೂ ನಿಧಾನವಾಗಿ ಮಾತಾಡುವವಳ ಧ್ವನಿ ಏರಿತ್ತು.

"ಐಲಾ, ಸರೋವರದ ಪಾರ್ಕಿಂಗ್ ಹತ್ರ ನೀಲಿ ದೀಪದ ಕಂಬದಿಂದ ಕರೆ ಬಂತು. ಒಬ್ಬ ಕೋವಿ ಹಿಡ್ಕೊಂಡು ನಿಂತಿದಾನೆ, ಬೇಗ ಬನ್ನಿ ಅಂತ. ಯಾರು ಮಾತಾಡ್ತಿರೋದು ಅಂದೆ. ಕೋವಿ ಹಿಡಿದಿರೋನೇ ನಾನು ಅಂದ. ಐಲಾ... ಸಾರ್ಜೆಂಟ್ ರೌಟಿಯೊನೇ ಕಳಿಸಿ, ಬೇರೆ ಯಾರೂ ಬೇಡ ಅಂದ. ಚೀಫ್ ಆಗಲೇ ಹೊರಟಿದಾರೆ, ಶೆರಿಫ್ ಕಚೇರಿಗೂ ಹೇಳಿದೀನಿ."

ಹುಡುಗಿಯರು ಒಂಟಿಯಾಗಿ ನಡೆಯುವಾಗ ಭಯವಾದರೆ ಗುಂಡಿ ಒತ್ತಲಿ ಎಂದು ನೆಟ್ಟ ಕಂಬ ಅದು. ಐಲಾ ಓಡಿದಳು. ಕಾರು ಹತ್ತುವಾಗಲೇ ವೈರ್‌ಲೆಸ್‌ನಲ್ಲಿ ಕೂಗಿದಳು, "ಅವನ ಕೋವಿಗೆ ಬೋಲ್ಟ್ ಇಲ್ಲ! ಬೋಲ್ಟ್ ನನ್ನ ಜೇಬಲ್ಲಿದೆ! ಯಾರೂ ಹೊಡೀಬೇಡಿ!"

ಹಿಮ ಬೀಳುತ್ತಿತ್ತು. ಪಾರ್ಕಿಂಗಿನ ಒಂದು ತುದಿಯಲ್ಲಿ ಚೀಫ್ ಕರ್ಟ್ ಡೆಕ್ಕರ್ ಕಾರಿನ ಬಾಗಿಲ ಮರೆಯಲ್ಲಿ ಪಿಸ್ತೂಲು ಹಿಡಿದು ಕೂತಿದ್ದ. ಡೆಕ್ಕರ್ ಮಿಶಿಗನ್ನಿನ ಎರಡು ಭಾಗಗಳನ್ನು ಸೇರಿಸುವ ದೊಡ್ಡ ಸೇತುವೆಯ ದಕ್ಷಿಣದಿಂದ ಬಂದವನು. ಇಲ್ಲಿಯವರು ಅವನನ್ನು ಮಕ್ಕಳ ಕಥೆಯಲ್ಲಿ ಬರುವ ಸೇತುವೆ ಕೆಳಗಿನ ಭೂತ ಎಂದು ಛೇಡಿಸುತ್ತಾರೆ, ಅವನು ಬೇಜಾರು ಮಾಡಿಕೊಳ್ಳುವುದಿಲ್ಲ. ಕೆಟ್ಟವನಲ್ಲ, ಹೆದರುಪುಕ್ಕಲನೂ ಅಲ್ಲ. ಇನ್ನೊಂದು ತುದಿಯಲ್ಲಿ, ನೀಲಿ ದೀಪದ ಕೆಳಗೆ ರೀಸ್ ನಿಂತಿದ್ದ. ಕೋವಿ ಚೀಲದಿಂದ ಹೊರಗೆ ಬಂದಿತ್ತು. ನಳಿಗೆ ನೆಲ ನೋಡುತ್ತಿತ್ತು.

ಐಲಾ ಕಾರಿನಿಂದ ಇಳಿದಳು. ಇಳಿಯುವಾಗ ಅವಳ ಬಲಗೈ ತಾನಾಗಿ ಪಿಸ್ತೂಲಿನ ಹಿಡಿಯ ಮೇಲೆ ಹೋಗಿ ಕೂತಿತ್ತು. ಇಪ್ಪತ್ತು ವರ್ಷ ಬರಿಗೈಯಲ್ಲಿ ದುಡಿದವಳಿಗೆ ಈ ಅಭ್ಯಾಸ ಅಂಟಲು ಹದಿನೈದು ದಿನ ಸಾಕಾಗಿತ್ತು. ರೀಸ್ ಅದನ್ನು ನೋಡಿದ. ನೋಡಿ ನೆಟ್ಟಗೆ ನಿಂತ. ಬಸ್ಸಿಗೆ ಕಾದು ಕಾದು ಸೋತವನಿಗೆ ಬಸ್ಸು ಕಂಡ ಹಾಗೆ ಅವನ ಮುಖ ಹಗುರಾಯಿತು.

ಅವಳಿಗೆ ಅರ್ಥವಾಗಿ ಹೋಯಿತು. ಈ ಹುಡುಗ ಯಾರನ್ನೂ ಕೊಲ್ಲಲು ಬಂದಿಲ್ಲ, ಐಲಾಳ ಗುಂಡಿನಿಂದ ಸಾಯಲು ಬಂದಿದ್ದಾನೆ. ಕಳೆದ ವರ್ಷವಾಗಿದ್ದರೆ ಅವನು ಕರೆದರೂ ಅವಳು ಕೀಲಿಗೊಂಚಲು ಅಲ್ಲಾಡಿಸಿಕೊಂಡು ಬರುತ್ತಿದ್ದಳು. ಈ ವರ್ಷ ಅವನಿಗೆ ಬೇಕಾದದ್ದು ಅವಳ ಸೊಂಟದಲ್ಲಿತ್ತು.

ಅವಳು ಬೆಲ್ಟ್ ಬಿಚ್ಚಿದಳು.

"ಐಲಾ, ಏನ್ಮಾಡ್ತಿದೀರಿ?" ಎಂದ ಡೆಕ್ಕರ್, ಕಣ್ಣು ರೀಸ್ ಮೇಲಿಂದ ತೆಗೆಯದೆ.

"ಬೋಲ್ಟ್ ನನ್ನ ಹತ್ರ ಇದೆ ಅಂದೆನಲ್ಲ. ಅವನ ಕೋವಿ ಬರೀ ಕೋಲು."

"ಇನ್ನೊಂದು ಬೋಲ್ಟ್ ಇಟ್ಕೊಂಡಿದ್ರೆ? ಅವರಪ್ಪನ ಹತ್ರ ಅದೇ ಥರದ ಕೋವಿ ಇದ್ರೆ? ಅವನು ಎತ್ತಿದ ಅಂದ್ರೆ ನಾನು ಹೊಡೀಲೇಬೇಕಾಗುತ್ತೆ ಐಲಾ. ನಂಗೇನು ಆಸೆನಾ? ಬೆಲ್ಟ್ ಹಾಕ್ಕೊಳ್ಳಿ. ಇದು ಆರ್ಡರ್."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಪ್ರತಿ ಕೋವಿಯೂ ತುಂಬಿದ ಕೋವಿಯೇ ಎಂದು ತಿಳಿಯಬೇಕು, ಅವಳೇ ಮಕ್ಕಳಿಗೆ ಕಲಿಸುವ ಮೊದಲ ಪಾಠ ಅದು. ಐಲಾ ಬೆಲ್ಟನ್ನು ಕಾರಿನ ಬಾನೆಟ್ ಮೇಲಿಟ್ಟಳು. ಜೇಬಿನಿಂದ ಬೋಲ್ಟ್ ತೆಗೆದು, ಅಂಗೈ ಬಿಡಿಸಿ, ಕೈ ಮುಂದೆ ಚಾಚಿಕೊಂಡು ಹೊರಟಳು. ಡೆಕ್ಕರ್ ಮತ್ತು ರೀಸ್ ನಡುವಿನ ನೇರ ಗೆರೆಯ ಮೇಲೆಯೇ ನಡೆದಳು. ಡೆಕ್ಕರ್ ಗುಂಡು ಹಾರಿಸಿದರೆ ಮೊದಲು ಅವಳ ಬೆನ್ನು.

"ಐಲಾ, ಪಕ್ಕಕ್ಕೆ ಬನ್ನಿ! ಪಕ್ಕಕ್ಕೆ!"

"ಬೆಲ್ಟ್ ಯಾಕೆ ಬಿಚ್ಚಿದ್ರಿ?" ರೀಸ್ ಕೂಗಿದ. ಅವನ ಧ್ವನಿ ಒಡೆಯಿತು. "ಹಾಕ್ಕೊಂಡು ಬನ್ನಿ!"

"ಭಾರ ಕಣೋ. ಈ ವಯಸ್ಸಲ್ಲಿ ಸೊಂಟ ನೋವು."

"ತಮಾಷೆ ಬೇಡ ಮೇಡಂ!"

ಅವನು ಕೋವಿಯನ್ನು ಎತ್ತಿ ಭುಜಕ್ಕೆ ಒತ್ತಿದ. ನಳಿಗೆಯ ಕಪ್ಪು ಬಾಯಿ ಅವಳ ಎದೆಗೆ ನೇರವಾಯಿತು. ಎದುರಿನಿಂದ ನೋಡುವವರಿಗೆ ಬೋಲ್ಟ್ ಇರುವ ಕೋವಿ, ಇಲ್ಲದ ಕೋವಿ ಎರಡೂ ಒಂದೇ. ಐಲಾ ಹೆದರಿದಳು. ಜೀವಮಾನದಲ್ಲಿ ಎಂದೂ ಹೆದರದಷ್ಟು ಹೆದರಿದಳು. ಡೆಕ್ಕರ್ ಹೇಳಿದ್ದು ನಿಜವಾಗಿದ್ದರೆ? ಇವರಪ್ಪನ ಕೋವಿ ಯಾವುದು? ಅವಳಿಗೆ ನೆನಪಾಗಲಿಲ್ಲ. ಕಾಲು ಮಾತ್ರ ನಿಲ್ಲಲಿಲ್ಲ, ಯಾಕೆಂದರೆ ನಿಂತರೆ ಡೆಕ್ಕರ್ ಬದಿಗೆ ಸರಿದು ಗುರಿ ಹಿಡಿಯುತ್ತಾನೆ.

ಇನ್ನಷ್ಟು ಹತ್ತಿರವಾದಾಗ ಕೋವಿಯ ಬಲ ಮಗ್ಗುಲು ಕಂಡಿತು. ಬೋಲ್ಟಿನ ಹಿಡಿ ಇರಬೇಕಾದ ಜಾಗ ಬೋಳಾಗಿತ್ತು. ಆ ಖಾಲಿ ಸಂದಿಯೊಳಗೆ ಹಿಮದ ಹರಳು ಬಿದ್ದು ಕರಗುತ್ತಿದ್ದವು.

"ರೀಸ್," ಎಂದಳು ಐಲಾ. "ಒಳಗೆ ಹಿಮ ಹೋಗ್ತಿದೆ. ತುಕ್ಕು ಹಿಡಿಯುತ್ತೆ. ನಾನು ನಿಂಗೆ ಕೋವಿ ನೋಡ್ಕೊಳ್ಳೋದು ಹೀಗಾ ಕಲಿಸಿದ್ದು?"

ನಳಿಗೆ ಇಳಿಯಿತು, ಇನ್ನೂ ಇಳಿಯಿತು, ತುದಿ ಹಿಮದಲ್ಲಿ ಹೂತುಕೊಂಡಿತು. ಐಲಾ ಕೋವಿಯನ್ನು ಕಿತ್ತು ದೂರ ಎಸೆದಳು. ಆಮೇಲೆ ಅವನನ್ನು ಎರಡೂ ಕೈಯಿಂದ ಬಾಚಿ ತಬ್ಬಿಕೊಂಡಳು. ಅವನು ಅವಳ ಭುಜಕ್ಕೆ ಬಾಯಿ ಒತ್ತಿ ಅಳುತ್ತಿದ್ದ. ಡೆಕ್ಕರ್ ಓಡಿ ಬರುವ ಸದ್ದು, ದೂರದಲ್ಲಿ ಶೆರಿಫ್ ಗಾಡಿಗಳ ಸೈರನ್ ಕೇಳಿಸಿತು.

"ಯಾಕೋ ಮಗಾ," ಎಂದಳು. "ಯಾಕೆ ನನ್ನನ್ನೇ ಕರೆದೆ?"

"ನೀವೇ ಹೇಳಿದ್ರಲ್ಲ," ಎಂದ ರೀಸ್. "ಚರ್ಚಿನ ಕ್ಲಾಸಲ್ಲಿ. ಒಂದೇ ಗುಂಡು, ಪ್ರಾಣಿ ನರಳಬಾರದು ಅಂತ. ಬೇರೆಯವರು ಗುರಿ ತಪ್ಪಿದ್ರೆ ನೋವಾಗುತ್ತೆ. ನೀವು ತಪ್ಪಲ್ಲ."

ಐಲಾ ಅವನನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು.

ಮಾರನೆಯ ದಿನ ಬೇಟೆಯ ಮೊದಲ ದಿನ. ಕ್ಯಾಂಪಸ್ಸಿನಲ್ಲಿ ಒಂದು ನರಪಿಳ್ಳೆಯಿಲ್ಲ. ಐಲಾ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ರೀಸ್‌ನ ತಾಯಿಯ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತು ಬಂದಿದ್ದಳು. ಹುಡುಗ ಮಲಗಿದ್ದ. ವೈದ್ಯರು ಕೆಲವು ವಾರ ಇರಬೇಕಾಗುತ್ತದೆ ಎಂದಿದ್ದರು. ವಾಪಸ್ ಬಂದವಳು ಕೋವಿ ಕೋಣೆಯಲ್ಲಿ ಅವನ ರೈಫಲ್ಲನ್ನು ಒರೆಸುತ್ತ ಕೂತಿದ್ದಾಗ ಡೆಕ್ಕರ್ ಮೆಟ್ಟಿಲಿಳಿದು ಬಂದ. ಅವಳ ಬೆಲ್ಟ್ ಅವನ ಕೈಯಲ್ಲಿತ್ತು. ಮುಖ ನೋಡಿದರೆ ಅವನೂ ನಿದ್ದೆ ಮಾಡಿರಲಿಲ್ಲ.

"ಬಾನೆಟ್ ಮೇಲೆ ಬಿಟ್ಟು ಹೋಗಿದ್ರಿ."

"ಗೊತ್ತು."

"ನನ್ನ ಬೆರಳು ಪಿಸ್ತೂಲಿನ ಕುದುರೆ ಮೇಲಿತ್ತು ಐಲಾ," ಎಂದ ಡೆಕ್ಕರ್. "ನಿಮ್ಮ ಬೆನ್ನು ಅಡ್ಡ ಇಲ್ದೆ ಹೋಗಿದ್ರೆ... ಅವನು ಎತ್ತಿದಾಗ ನಾನು ಹೊಡೆದೇ ಹೊಡೀತಿದ್ದೆ. ಖಾಲಿ ಕೋವಿ ಹಿಡಿದ ಮಗೂನ."

"ತಪ್ಪು ನಿಂದಲ್ಲ. ಬಾ, ಕೂತ್ಕೋ. ಕಾಫಿ ಇದೆ."

ಅವನು ಕೂರಲಿಲ್ಲ. ಬೆಲ್ಟನ್ನು ಹಸಿರು ಬಟ್ಟೆಯ ಮೇಲಿಟ್ಟ. ಐಲಾ ಪಿಸ್ತೂಲನ್ನು ಹೊರಗೆಳೆದು, ಗುಂಡು ತೆಗೆದು, ನಿಧಾನವಾಗಿ ಬಿಚ್ಚಿದಳು. ಮೇಲಿನ ಉಕ್ಕಿನ ಭಾಗ ಒಂದು ಕಡೆ, ಹಿಡಿ ಇನ್ನೊಂದು ಕಡೆ. ಹಿಡಿಗೆ ತನ್ನ ಹೆಸರಿನ ಚೀಟಿ ಕಟ್ಟಿ ಮಕ್ಕಳ ಕೋವಿಗಳ ಕಪಾಟಿನಲ್ಲಿಟ್ಟಳು. ಮೇಲಿನ ಭಾಗವನ್ನು ಬೋಲ್ಟುಗಳ ಖಾನೆಗೆ ಹಾಕಿ ಬೀಗ ತಿರುಗಿಸಿದಳು. ಕೀಲಿಯನ್ನು ಗೊಂಚಲಿನಿಂದ ಬಿಡಿಸಿ ಅವನ ಮುಂದೆ ಚಾಚಿದಳು.

"ಇದೇನು?"

"ನಂಗೆ ಬೇಕಾದಾಗ ನಿನ್ನ ಹತ್ರ ಬಂದು ಕೇಳ್ತೀನಿ. ಮೂರು ಪ್ರಶ್ನೆ ಕೇಳು. ಎಲ್ಲಿಗೆ, ಯಾರ ಜೊತೆ, ಯಾವಾಗ ವಾಪಸ್. ಉತ್ತರ ಸರಿ ಅನ್ಸಿದ್ರೆ ಕೊಡು."

"ಐಲಾ, ಇದೆಲ್ಲ ಆಗೋ ಮಾತಲ್ಲ. ಇನ್ನೊಬ್ಬಳು ಬ್ರೂಕ್ ಬಾಗಿಲ ಹಿಂದೆ ಕಿರುಚ್ತಿದ್ರೆ? ಅಷ್ಟು ದೂರ ಓಡಿ ಬಂದು, ನನ್ನನ್ನ ಹುಡುಕಿ, ಬೀಗ ತೆಗೆಸಿ... ತಡ ಆಗುತ್ತೆ."

"ಹೌದು, ತಡ ಆಗುತ್ತೆ," ಎಂದಳು ಐಲಾ. ಅವಳ ಕಣ್ಣು ತುಂಬಿತ್ತು. ಅದನ್ನು ಮರೆಮಾಡಲು ಅವಳು ಹೋಗಲಿಲ್ಲ. "ಆ ಹುಡುಗಿ ಕೂಗು ನಂಗೆ ಈಗಲೂ ಕೇಳುತ್ತೆ ಕರ್ಟ್. ಸಾಯೋವರೆಗೂ ಕೇಳುತ್ತೆ. ನಿನ್ನೆಯಿಂದ ಇನ್ನೊಂದು ಮಾತೂ ಕೇಳ್ತಿದೆ. ಎರಡನ್ನೂ ಕೇಳ್ಕೊಂಡು ಆ ಪಿಸ್ತೂಲನ್ನ ಸೊಂಟಕ್ಕೆ ಕಟ್ಟಿ ಇನ್ನೊಂದು ಮಗು ಬಾಗಿಲು ತಟ್ಟೋಕೆ ನಂಗಾಗಲ್ಲ."

"ಟ್ರಸ್ಟಿಗಳು ಒಪ್ಪಲ್ಲ. ನಿಮ್ಮನ್ನ ಗಸ್ತಿನಿಂದ ತೆಗೀಬೇಕಾಗುತ್ತೆ. ಇಲ್ಲೇ, ಈ ಕೋಣೇಲೇ ಕೂರಬೇಕಾಗುತ್ತೆ."

"ಗೊತ್ತು. ಅವರ ಮುಂದೆ ಎದ್ದು ನಿಂತು ಬೇಕು ಅಂದವಳು ನಾನೇ. ಸಾಕು ಅಂತಲೂ ನಾನೇ ಹೋಗಿ ಹೇಳ್ತೀನಿ. ಆಮೇಲೆ ಏನ್ ಬೇಕಾದ್ರೂ ಮಾಡ್ಲಿ."

ಡೆಕ್ಕರ್ ಕೀಲಿಯನ್ನು ತೆಗೆದುಕೊಂಡ. ಅಂಗೈಯಲ್ಲಿ ಅದನ್ನು ತಿರುಗಿಸಿ ನೋಡುತ್ತ ನಿಂತ. ದೂರದ ಕಾಡಿನಿಂದ ಒಂದು ಗುಂಡಿನ ಸದ್ದು ಬಂತು. ಇಬ್ಬರೂ ಕಿವಿಗೊಟ್ಟರು. ಎರಡನೆಯದು ಕೇಳಲಿಲ್ಲ. ನಿನ್ನೆಯವರೆಗೆ ಅಂಥ ಒಂಟಿ ಸದ್ದು ಕೇಳಿದಾಗಲೆಲ್ಲ, ಭೇಷ್, ಯಾರೋ ನನ್ನ ಶಿಷ್ಯರೇ ಇರಬೇಕು ಎಂದು ಐಲಾ ಹಿಗ್ಗುತ್ತಿದ್ದಳು. ಇಂದು ಕುರ್ಚಿಯ ಅಂಚನ್ನು ಹಿಡಿದುಕೊಂಡು ಕೂತಳು.

ಡೆಕ್ಕರ್ ತನ್ನ ಸೊಂಟದ ಬೆಲ್ಟಿಗೆ ಕೈ ಹಾಕಿದ. ಬಿಚ್ಚಲಿಲ್ಲ, ಕೈ ತೆಗೆಯಲೂ ಇಲ್ಲ. ಆಮೇಲೆ ಐಲಾಳ ಎದುರಿನ ಕುರ್ಚಿ ಎಳೆದುಕೊಂಡು ಕೂತ.

"ಕಾಫಿ ಕೊಡಿ," ಎಂದ. "ಆ ಮೂರು ಪ್ರಶ್ನೆ ಇನ್ನೊಂದ್ಸಲ ಹೇಳಿ."